ಕರಿ ಬಿಲ್ಲುಗಳು ಮತ್ತು ಮೂರು ಕಾಲಿನ ನಾಯಿ

ನನ್ನ ಗಂಡ ತೀರಿಕೊಂಡ ಮೂರನೆಯ ತಿಂಗಳಲ್ಲಿ ನಾನು ಅವರ ಡೀಸೆಲ್ ಬಿಲ್ಲುಗಳಿಗೆಲ್ಲ ಲ್ಯಾಮಿನೇಶನ್ ಮಾಡಿಸಿದೆ.

ಒಂದು ವರ್ಷದ ಬಿಲ್ಲುಗಳು ಅವು. ಲಾರಿಯ ಸೀಟಿನ ಹಿಂದೆ ಅಕ್ಕಿಯ ಚೀಲವೊಂದರಲ್ಲಿ ತುಂಬಿಟ್ಟಿದ್ದರು. ಕ್ಯಾಬಿನ್ನಿನ ಸೆಕೆಗೆ ಅಕ್ಷರಗಳು ಮಾಸುತ್ತಿದ್ದವು. ಲಾರಿಯ ಸಾಲ ಇನ್ನೂ ಎರಡು ವರ್ಷ ಬಾಕಿ ಇತ್ತು. ಫೈನಾನ್ಸ್ ಆಫೀಸಿನವರು, ‘ಸಾಲ ಮತ್ತು ಗಾಡಿ ನಿಮ್ಮ ಹೆಸರಿಗೆ ಆಗಬೇಕಾದರೆ ಹಿಂದಿನ ಒಂದು ವರ್ಷದ ಲೆಕ್ಕ ಬಿಲ್ಲು ಸಮೇತ ತನ್ನಿ, ಒಂದು ತಿಂಗಳು ಸಮಯ ಕೊಡುತ್ತೇವೆ, ಇಲ್ಲವಾದರೆ ಗಾಡಿ ಮಾರಬೇಕಾಗುತ್ತದೆ’ ಎಂದು ಹೇಳಿದ್ದರು. ಆ ಲಾರಿಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಹದಿನಾಲ್ಕು ವರ್ಷ ಬೇರೆಯವರ ಲಾರಿ ಹೊಡೆದು ಅವರು ಕೊಂಡ ಒಂದೇ ಲಾರಿ ಅದು. ಹೋದದ್ದೂ ಅದರಲ್ಲಿಯೇ. ಚಾಕಣದ ಗೋದಾಮಿನ ಮುಂದೆ ಲಾರಿ ನಿಲ್ಲಿಸಿ, ಸ್ಟೇರಿಂಗಿಗೆ ತಲೆ ಆನಿಸಿದವರು ಮತ್ತೆ ಏಳಲಿಲ್ಲ.

ಲ್ಯಾಮಿನೇಶನ್ ಅಂಗಡಿಯವನಿಗೆ, ‘ದಪ್ಪ ಪ್ಲಾಸ್ಟಿಕ್ ಹಾಕು, ನೂರು ವರ್ಷ ಇರಬೇಕು’ ಎಂದು ಮರಾಠಿಯಲ್ಲಿ ಹೇಳಿ, ಎದುರಿನ ಗಾಡಿಯಲ್ಲಿ ಕಬ್ಬಿನ ಹಾಲು ಕುಡಿಯಲು ಹೋದೆ. ಬಂದು ನೋಡಿದರೆ ಒಂದೊಂದು ಹಾಳೆಯೂ ಶಾಲೆಯ ಪಾಟಿಯಂತೆ ಕಪ್ಪಾಗಿ ಹೊಳೆಯುತ್ತಿತ್ತು. ಆ ಕಾಗದಕ್ಕೆ ಶಾಯಿಯೇ ಇರುವುದಿಲ್ಲವಂತೆ. ಬಿಸಿ ತಾಗಿದಲ್ಲಿ ಕಪ್ಪಾಗಿ ಅಕ್ಷರ ಮೂಡುವ ಕಾಗದವಂತೆ. ಲ್ಯಾಮಿನೇಶನ್ ಮಶೀನು ಇಡೀ ಕಾಗದವನ್ನೇ ಒಂದು ದೊಡ್ಡ ಅಕ್ಷರ ಮಾಡಿಬಿಟ್ಟಿತ್ತು.

‘ಮೊದಲನೆಯದು ಕಪ್ಪಾದಾಗಲೇ ನಿಲ್ಲಿಸಬಾರದಿತ್ತೇ?’ ಎಂದು ಕೇಳಿದೆ.

‘ನೀವು ಅಳುತ್ತ ಬಂದಿದ್ದಿರಿ. ಕೇಳಲು ಧೈರ್ಯ ಆಗಲಿಲ್ಲ’ ಎಂದ. ಹಣ ಮಾತ್ರ ಪೂರ್ತಿ ತೆಗೆದುಕೊಂಡ.

ಮನೆಗೆ ಬಂದಾಗ ನಾದಿನಿ ಕೂತಿದ್ದಳು. ನನ್ನ ಗಂಡನ ತಂಗಿ, ಇಲ್ಲೇ ಎರಡು ಗಲ್ಲಿ ದಾಟಿದರೆ ಅವಳ ಮನೆ. ಹಾಳೆಗಳನ್ನು ತಿರುವಿ ತಿರುವಿ ನೋಡಿದಳು.

‘ವೈನಿ, ಇವೇನು ಹಂಚಿನಂಗ ಆಗ್ಯಾವಲ್ಲ! ರೊಟ್ಟಿ ಸುಡ್ಲಕ್ ಬರ್ತಾವೇನು?’

‘ನಗಬ್ಯಾಡ. ನಿಮ್ಮಣ್ಣನ ಬಿಲ್ ಅವ.’

‘ಅಣ್ಣ ಇದ್ದಿದ್ರ ಅಂವೇ ಮದ್ಲ ನಗತಿದ್ದ.’

ಅದು ನಿಜ. ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು, ಆಮೇಲೆ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಅವಳು ಚಹಾದ ಪಾತ್ರೆ ಇಡಲು ಆ ಹಾಳೆಗಳಲ್ಲಿ ಒಂದನ್ನು ತೆಗೆದುಕೊಂಡಳು.

ಉಳಿದದ್ದು ನನ್ನ ಗಂಡನ ಲೆಕ್ಕದ ನೋಟ್‌ಬುಕ್ಕು ಮಾತ್ರ. ಅವರು ಎರಡನೆಯ ತರಗತಿಯಲ್ಲೇ ಶಾಲೆ ಬಿಟ್ಟವರು. ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಏಳನೆಯವರೆಗೆ ಓದಿದವಳು, ಬರೆದುಕೊಡುತ್ತೇನೆಂದರೆ, ‘ನನ್ನ ಗಾಡಿ ಲೆಕ್ಕ ನನಗಿರ್ಲಿ, ನಿನ್ನ ಚೀಟಿ ಲೆಕ್ಕ ನೀ ನೋಡ್ಕೊ’ ಎನ್ನುತ್ತಿದ್ದರು. ತಾರೀಖು, ಹಣ ಅಂಕಿಯಲ್ಲಿ. ಉಳಿದದ್ದೆಲ್ಲ ಚಿತ್ರ.

ಅದನ್ನೂ ಕರಿ ಹಾಳೆಗಳನ್ನೂ ಹೊತ್ತುಕೊಂಡು ನಾನೂ ನಾದಿನಿಯೂ ಲೆಕ್ಕ ಬರೆಯುವ ಮುದುಕರೊಬ್ಬರ ಹತ್ತಿರ ಹೋದೆವು. ಸೋಲಾಪುರದ ಕಡೆಯವರು, ಕನ್ನಡ ಬಲ್ಲವರು. ಬಿಡಿಭಾಗಗಳ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ ಲಾರಿಯವರ ಲೆಕ್ಕಗಳನ್ನಷ್ಟೇ ಬರೆಯುತ್ತಾರೆ. ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

‘ತಂಗೆವ್ವಾ, ಇದು ಡೀಸೆಲ್ ಬಿಲ್ಲೋ, ಎದಿ ಎಕ್ಸ್‌ರೇನೋ?’

ನಾನು ನೋಟ್‌ಬುಕ್ಕು ಮುಂದಿಟ್ಟೆ. ಅವರು ಕನ್ನಡಕ ಏರಿಸಿದರು.

‘ಈ ಮೀಸಿ ಏನು?’

‘ಅದು ಹಮಾಲಿ ಖರ್ಚು ರೀ. ಚಾಕಣದಾಗ ಮಾಲು ಏರಿಸೋ ಮುಕಾದಮ್‌ಗ ಅಂಥಾ ಮೀಸಿ ಅದ.’

‘ಇಲ್ಲಿ ಎರಡು ಮೀಸಿ ಅವ.’

‘ಅವತ್ತು ಅವನ ತಮ್ಮನೂ ಬಂದಿರಬೇಕು.’

‘ಈ ಬಾಗಿಲಾ?’

‘ಟೋಲ್ ನಾಕಾ.’

‘ಈ ದುಂಡಂದು? ಐದ್ ರೂಪಾಯಿ. ಎಲ್ಲಾ ಕಡಿ ಅದ.’

ನನಗೆ ಗೊತ್ತಿರಲಿಲ್ಲ. ಚಕ್ರವಿರಬಹುದೆಂದು ಅವರು ‘ಪಂಕ್ಚರ್’ ಎಂದು ಬರೆದುಕೊಂಡರು. ಸಂಜೆಯ ಹೊತ್ತಿಗೆ ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಪಂಕ್ಚರ್ ಆದವು.

‘ಐದ್ ರೂಪಾಯಿಗೆ ಪಂಕ್ಚರ್ ಯಾರ್ ಹಾಕ್ತಾರ ರೀ? ನಮ್ಮ ಸೈಕಲ್‌ಗೇ ಹಾಕಂಗಿಲ್ಲ’ ಎಂದಳು ನಾದಿನಿ.

ಮುದುಕರು ಪೆನ್ನು ಕೆಳಗಿಟ್ಟು, ‘ಅದಿರ್ಲಿ. ದೊಡ್ಡದು ಡೀಸೆಲ್. ಬಂಕಿನ ಕಂಪ್ಯೂಟರ್‌ನಾಗ ಗಾಡಿ ನಂಬರ್, ತಾರೀಖು ಹಾಕಿದ್ರ ನಕಲು ಬಿಲ್ ಸಿಗತದ. ಯಾವ ಬಂಕು ಅಂಬೋದು ಗೊತ್ತಾಗಬೇಕಷ್ಟೇ’ ಎಂದರು.

ಬಂಕುಗಳೂ ಚಿತ್ರದಲ್ಲೇ ಇದ್ದವು. ತೆಂಗಿನ ಮರವೆಂದರೆ ಮನೆಯ ಹತ್ತಿರದ್ದು. ಇಡ್ಲಿಯೆಂದರೆ ಉಡುಪಿ ಹೋಟೆಲಿನ ಪಕ್ಕದ್ದು. ಅವೆರಡೂ ಒಂದೇ ದಿನದಲ್ಲಿ ಮುಗಿದವು. ಆದರೆ ಬಹುಪಾಲು ಡೀಸೆಲ್ ಹಾಕಿಸಿದ್ದು ಮೂರು ಕಾಲಿನ ನಾಯಿಯ ಬಂಕಿನಲ್ಲಿ. ಅದೆಲ್ಲಿದೆಯೋ ಯಾರಿಗೂ ತಿಳಿಯದು. ಫೈನಾನ್ಸಿನವರು ಕೊಟ್ಟ ತಿಂಗಳಿನಲ್ಲಿ ಒಂಬತ್ತು ದಿನ ಉಳಿದಿತ್ತು.

ಲಾರಿಯನ್ನೇ ಹೊರಡಿಸಿದೆವು. ಓಡಿಸಲು ನಮ್ಮೂರ ಕಡೆಯ ಡ್ರೈವರ್ ಒಬ್ಬನನ್ನು ಗೊತ್ತುಮಾಡಿದ್ದೆ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಉಂಡುಹೋಗುತ್ತಿದ್ದವನು, ನನ್ನ ಗಂಡನ ಗೆಳೆಯ. ನಾನು, ನಾದಿನಿ ನಡುವೆ ಕೂತೆವು. ಮುದುಕರು ಕಿಟಕಿಯ ಜಾಗವೇ ಬೇಕೆಂದು ಹಟ ಹಿಡಿದು ಕೂತರು. ಮೂವತ್ತು ವರ್ಷ ಲಾರಿಗಳ ಲೆಕ್ಕ ಬರೆದವರು ಲಾರಿ ಹತ್ತಿದ್ದು ಅದೇ ಮೊದಲಂತೆ. ದಾರಿಯುದ್ದಕ್ಕೂ ಎದುರು ಬಂದ ಲಾರಿಗಳಿಗೆಲ್ಲ ಕೈ ಬೀಸಿದರು.

ನನ್ನ ಗಂಡ ಮಾಲು ಸಾಗಿಸುತ್ತಿದ್ದ ದಾರಿಯಲ್ಲಿ, ಚಾಕಣದಿಂದ ಸಾಸವಡದವರೆಗೆ, ಬಂಕು ಬಂಕಿಗೆ ಇಳಿದು, ‘ನಿಮ್ಮಲ್ಲಿ ಮೂರು ಕಾಲಿನ ನಾಯಿ ಇದೆಯೇ?’ ಎಂದು ಕೇಳಿದೆವು. ಒಬ್ಬ, ನಾವು ಪಾಲಿಕೆಯ ನಾಯಿ ಹಿಡಿಯುವವರೆಂದುಕೊಂಡು ತನ್ನ ನಾಯಿಯನ್ನು ಶೌಚಾಲಯದಲ್ಲಿ ಬಚ್ಚಿಟ್ಟ. ಇನ್ನೊಬ್ಬ, ‘ನಾಲ್ಕರದು ಮೂರಿವೆ, ನಡೆಯುತ್ತದೆಯೇ?’ ಎಂದ. ಮುದುಕರು ಪ್ರತಿ ಬಂಕಿನಲ್ಲೂ ನಾಯಿಗಳ ಕಾಲು ಎಣಿಸಿ ಚೀಟಿಯಲ್ಲಿ ಗುರುತು ಹಾಕಿಕೊಂಡರು. ಮಲಗಿದ ನಾಯಿಗಳ ಕಾಲನ್ನೂ ಬಗ್ಗಿ ಬಗ್ಗಿ ಎಣಿಸಿದರು.

ಎರಡನೆಯ ದಿನ, ಸಾಸವಡದಿಂದ ತಿರುಗಿ ಬರುವಾಗ, ಹಿಂದಿನ ದಿನ ಲಾರಿಯನ್ನು ರಸ್ತೆಯಾಚೆ ಬಿಟ್ಟು ನಡೆದುಹೋಗಿ ಎಣಿಸಿದ್ದ ಬಂಕಿನಲ್ಲಿ, ಈ ಸಲ ಲಾರಿಯನ್ನು ಒಳಗೇ ತಂದು ಚಹಾಕ್ಕೆ ನಿಂತೆವು. ಅಲ್ಲಿ ಮಲಗಿದ್ದ ಕಂದು ನಾಯಿ ನಮ್ಮ ಲಾರಿಯನ್ನು ಕಂಡು ಎದ್ದು, ಬಾಲ ಬೀಸುತ್ತ ಓಡಿ ಬಂತು. ಹಿಂದಿನ ಎಡಗಾಲನ್ನು ನೆಲಕ್ಕೆ ಊರಲೇ ಇಲ್ಲ. ಹೊಟ್ಟೆಗೆ ಅಂಟಿಸಿಕೊಂಡು ಮೂರರಲ್ಲೇ ಓಡಿತು.

ಮುದುಕರು ಚೀಟಿ ತೆಗೆದು ನೋಡಿದರು. ‘ನಿನ್ನಿ ನಾಲ್ಕು ಇದ್ದುವಲ್ಲ?’

‘ಇವತ್ತೂ ನಾಲ್ಕೇ ಅವ ರೀ’ ಎಂದ ಡ್ರೈವರ್. ‘ಅಣ್ಣ ನಡ್ಯೋ ಕಾಲು ಅಷ್ಟೇ ಲೆಕ್ಕಕ್ಕ ಹಿಡ್ದಾನ.’

ಮುದುಕರು ಚೀಟಿಯಲ್ಲಿ ನಾಲ್ಕನ್ನು ಹೊಡೆದು ಮೂರು ಮಾಡಿದರು. ‘ಸರಿ ಅದ. ಕೆಲಸಕ್ಕ ಬಾರದ್ದು ಲೆಕ್ಕದಾಗ ಹಿಡೀಬಾರದು’ ಎಂದರು. ನನ್ನ ಗಂಡನನ್ನು ಅವರು ಹೊಗಳಿದ್ದು ಅದೊಂದೇ ಸಲ.

ನಾಯಿ ಡ್ರೈವರನ ಬಾಗಿಲ ಕೆಳಗೆ ಕೂತು ಮೇಲೆ ನೋಡುತ್ತಿತ್ತು. ಡ್ರೈವರ್ ಇಳಿದ. ಅದು ಅವನನ್ನು ಮೂಸಿ, ಮತ್ತೆ ಬಾಗಿಲನ್ನೇ ನೋಡಿತು. ನನಗೆ ಅಲ್ಲಿ ನಿಲ್ಲಲಾಗದೆ ಬಂಕಿನ ಮ್ಯಾನೇಜರನ ಹತ್ತಿರ ಹೋದೆ. ಆತ ಎಲ್ಲ ನಕಲುಗಳನ್ನೂ ತೆಗೆದುಕೊಟ್ಟ. ‘ಬಂದಾಗೆಲ್ಲ ಅದಕ್ಕೊಂದು ದುಂಡು ಬಿಸ್ಕೀಟಿನ ಪುಡಾ ಒಡೆದು ಹಾಕುತ್ತಿದ್ದರು. ಅವರು ಮಲಗಿದರೆ ಅದು ಲಾರಿ ಕಾಯುತ್ತಿತ್ತು’ ಎಂದ.

‘ಎಷ್ಟರ ಪುಡಾ?’ ಎಂದು ಹಿಂದಿನಿಂದ ಮುದುಕರ ದನಿ ಬಂತು.

‘ಐದು ರೂಪಾಯಿದು.’

ಮುದುಕರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ನಲವತ್ತು ಚಿಲ್ಲರೆ ಪಂಕ್ಚರುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಎದುರಿಗೆ ‘ವಾಚ್‌ಮನ್’ ಎಂದು ಬರೆದರು. ನನಗೆ ಗಂಡನ ಮೇಲೆ ಸಿಟ್ಟು ಬಂತು. ಮನೆಗೆ ಬಿಸ್ಕೀಟು ತಂದಿದ್ದು ನನಗೆ ನೆನಪಿಲ್ಲ. ಆ ಸಿಟ್ಟು ಬಂದಾಗ ಎಷ್ಟೋ ದಿನಗಳ ಮೇಲೆ ಎದೆ ಸ್ವಲ್ಪ ಹಗುರಾಯಿತು. ಅವರು ಇದ್ದಾಗ ಬರುತ್ತಿದ್ದಂಥದೇ ಸಿಟ್ಟು ಅದು.

ಗಡುವಿಗೆ ಮೂರು ದಿನ ಇರುವಾಗ ನಾನು, ನಾದಿನಿ, ಮುದುಕರು ಖರಾಡಿಯ ಫೈನಾನ್ಸ್ ಆಫೀಸಿಗೆ ಹೋದೆವು. ಗಾಜಿನ ಕಟ್ಟಡ, ಒಳಗೆ ಚಳಿ. ಕನ್ನಡಕದ ಹುಡುಗಿಯೊಬ್ಬಳು ಹಾಳೆ ತಿರುವುತ್ತ ಬಂದು ಒಂದು ಕಡೆ ಬೆರಳಿಟ್ಟಳು.

‘ವಾಚ್‌ಮನ್‌ಗೆ ಐದು ರೂಪಾಯಿ?’

‘ಪಾರ್ಟ್ ಟೈಮ್’ ಎಂದರು ಮುದುಕರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ನಾದಿನಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹುಡುಗಿ ನಕಲು ಬಿಲ್ಲುಗಳನ್ನು ತಾಳೆ ನೋಡಿ, ಕೂಡಿ, ಮತ್ತೆ ಕೂಡಿ, ಕಾಗದಗಳನ್ನು ನನ್ನ ಕಡೆ ತಿರುಗಿಸಿದಳು. ಹನ್ನೊಂದು ಕಡೆ ಸಹಿ ಮಾಡಿಸಿಕೊಂಡಳು. ಹತ್ತು ದಿನಗಳ ಮೇಲೆ ಲಾರಿಯ ಆರ್.ಸಿ. ಪುಸ್ತಕವೂ ನನ್ನ ಹೆಸರಿಗೆ ಬಂತು.

ಮೊದಲ ಟ್ರಿಪ್ಪಿಗೆ ಹೋದ ಡ್ರೈವರ್ ಮಧ್ಯಾಹ್ನ ಫೋನ್ ಮಾಡಿದ. ನಾನು ಹೊಸ ನೋಟ್‌ಬುಕ್ಕು ತೆರೆದು ಕೂತಿದ್ದೆ. ಟೋಲ್ ಹೇಳಿದ, ಹಮಾಲಿ ಹೇಳಿದ, ತಾನು ಉಂಡದ್ದನ್ನು ಪಲ್ಯದ ಸಮೇತ ಹೇಳಿದ.

‘ಅಕ್ಕಾರ, ಡೀಸೆಲ್ ಹಾಕಿಸೀನಿ. ಬಿಲ್ ಮ್ಯಾಲ ಮಾಲಕರ ಹೆಸರು ಕೇಳಲಕತ್ತಾರ.’

‘ನಂದ ಹೇಳು.’

ಆ ಕಡೆ ಲಾರಿಗಳ ಹಾರ್ನು ಕೇಳಿಸುತ್ತಿತ್ತು.

‘ತಪ್ಪು ತಿಳ್ಕೋಬ್ಯಾಡ್ರಿ. ನಾಕ್ ವರ್ಷ ನಿಮ್ಮ ಕೈಲೇ ಉಂಡೀನಿ... ನಿಮ್ಮ ಹೆಸರು ಏನ್ರಿ ಅಕ್ಕಾರ?’

ನಾನು ಹೇಳಿದೆ. ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.