ಚಳಿಗಾಲದ ಶನಿವಾರಗಳಲ್ಲಿ ಏರದ ನದಿ

ಬೆಳಗಿನ ಆರಕ್ಕೆ ಐದು ನಿಮಿಷ ಇರುವಾಗಲೇ ಬಕೋಶ್ ವಿಲ್ಮಾ ತೀಸಾ ನದಿಯ ಮೆಟ್ಟಿಲು ಇಳಿಯುತ್ತಾರೆ. ನೀರಿನಲ್ಲಿ ನಿಂತ ಅಳತೆಪಟ್ಟಿಯ ಮುಂದೆ ಬಗ್ಗಿ, ಅಲೆ ಒಮ್ಮೆ ಏರಿ ಇಳಿಯುವುದನ್ನು ಕಾದು, ನಡುವಿನ ಅಂಕಿಯನ್ನು ನೋಟುಬುಕ್ಕಿಗೆ ಇಳಿಸುತ್ತಾರೆ. ಇವತ್ತು ಮುನ್ನೂರ ಹದಿನೇಳು ಸೆಂಟಿಮೀಟರು. ವಯಸ್ಸು ಎಪ್ಪತ್ತಾರು. ಮಂಡಿ ಅವರ ಮಾತು ಕೇಳುವುದಿಲ್ಲ, ಅವರೂ ಮಂಡಿಯ ಮಾತು ಕೇಳುವುದಿಲ್ಲ.

"ವಿಲ್ಮಾ ಅಜ್ಜಿ, ಗಂಟೆಗೊಂದು ಸಲ ಯಂತ್ರಾನೇ ಬರ್ಕೊಳ್ಳುತ್ತೆ. ನೀವ್ಯಾಕೆ ಈ ಪಾಚಿ ಮೇಲೆ ಸರ್ಕಸ್ ಮಾಡ್ತೀರಿ?" ದೋಣಿ ದಾಟಿಸುವ ದೆಜೋ ದಿನಾ ಕೇಳುವ ಪ್ರಶ್ನೆ ಇದು.

"ಯಂತ್ರ ಸುಳ್ಳು ಹೇಳಲ್ಲ ನಿಜ ಕಣಪ್ಪಾ. ಆದ್ರೆ ಕೆಟ್ಟು ಕೂತಾಗ ಕೆಟ್ಟಿದೀನಿ ಅಂತಾನೂ ಹೇಳಲ್ಲ."

ಫ್ಯೂಜೆಶ್ ಊರಿನ ಜನ ಈ ಹೆಂಗಸನ್ನು ನೀರು ಅಳೆಯುವ ಅಜ್ಜಿ ಎಂದೇ ಬಲ್ಲರು. ಅಪರೂಪಕ್ಕೊಮ್ಮೆ ಬರುವ ದೊಡ್ಡ ನೆರೆಯನ್ನು ಮೊದಲೇ ಅಂದಾಜು ಮಾಡುವ ಬಗ್ಗೆ ಇವರು ಬರೆದ ಪ್ರಬಂಧವನ್ನು ದೂರದೇಶದ ಗಣಿತಜ್ಞರು ಇಂದಿಗೂ ತಿರುವಿಹಾಕುತ್ತಾರೆ. ಅದು ಪಕ್ಕದ ಮನೆಗೂ ಗೊತ್ತಿಲ್ಲ. ಗೊತ್ತಾಗಬೇಕು ಎಂಬ ಹಂಬಲವೂ ಇವರಿಗೆ ಇದ್ದಂತಿಲ್ಲ.

ಹನ್ನೆರಡನೇ ವಯಸ್ಸಿಗೇ ವಿಲ್ಮಾ ಶಾಲಾಮಕ್ಕಳ ಗಣಿತ ಮಾಸಪತ್ರಿಕೆಗೆ ಉತ್ತರ ಬರೆದು ಅಂಚೆಗೆ ಹಾಕುತ್ತಿದ್ದರು. ವರ್ಷದ ಕೊನೆಗೆ ಜಾಣ ಮಕ್ಕಳ ಫೋಟೋ ಅಚ್ಚಾಗುತ್ತದೆ. ಇವರದು ಎರಡು ಸಲ ಬಂತು. "ಅಮ್ಮ ಕತ್ತರಿಸಿದ ಕೂದಲು ಓರೆಯಾಗಿತ್ತು. ಊರಿನೋರು ಲೆಕ್ಕ ನೋಡ್ಲಿಲ್ಲ, ಕೂದಲು ನೋಡಿದ್ರು," ಎಂದು ನಗುತ್ತಾರೆ. ಸೆಗೆಡ್‌ನಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿದಾಗ ಬುಡಾಪೆಸ್ಟಿನ ಪ್ರಾಧ್ಯಾಪಕರೊಬ್ಬರು ಕರೆದರು. ವಿಲ್ಮಾ ಹೋಗಲಿಲ್ಲ. ನದಿ ಇಲಾಖೆ ಸೇರಿ, ಹನ್ನೆರಡು ಅಳತೆಕಟ್ಟೆಗಳ ನಲವತ್ತು ವರ್ಷದ ದಾಖಲೆಗೆ ಕೈಹಾಕಿದರು. ಒಟ್ಟು ಒಂದು ಮುಕ್ಕಾಲು ಲಕ್ಷ ಅಂಕಿ, ಒಂದೊಂದನ್ನೂ ಕಣ್ಣಾರೆ ನೋಡಿದವರು ಇವರೊಬ್ಬರೇ.

ಅದರಲ್ಲಿ ಫ್ಯೂಜೆಶ್‌ನ ಪುಸ್ತಕಗಳು ಅಪ್ಪನ ಕೈಬರಹದವು. ಬಕೋಶ್ ಅಂಬ್ರುಶ್ ಮೂವತ್ತಮೂರು ವರ್ಷ ಇದೇ ಮೆಟ್ಟಿಲಿಳಿದು ನೀರು ಅಳೆದವರು. ತಪ್ಪದ ಸೇವೆಗೆಂದು ಸರ್ಕಾರ ಕೊಟ್ಟ ಪದಕ ಅಡುಗೆಮನೆಯ ಗೋಡೆಯಲ್ಲಿತ್ತು.

ಊರಿಗೆ ಹೊಸ ಒಡ್ಡು ಕಟ್ಟಬೇಕಿತ್ತು, ಎಷ್ಟೆತ್ತರ ಎಂದು ವಿಲ್ಮಾ ಹೇಳಬೇಕಿತ್ತು. ಆಗ ಅವರಿಗೆ ಮೂವತ್ತನಾಲ್ಕು. ಕೂಡಿ ಕಳೆದು ನೋಡುವಾಗ ಒಂದು ವಿಚಿತ್ರ ಕಂಡಿತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಎಷ್ಟೋ ಶನಿವಾರ ಫ್ಯೂಜೆಶ್‌ನಲ್ಲಿ ನದಿ ಅಲ್ಲಾಡುವುದೇ ಇಲ್ಲ. ಮೇಲಿನೂರಿನಲ್ಲಿ ಏರುತ್ತದೆ, ಕೆಳಗಿನೂರಿನಲ್ಲಿ ಏರುತ್ತದೆ, ಇಲ್ಲಿ ಮಾತ್ರ ಶುಕ್ರವಾರದ ಅಂಕಿಯೇ. ಅಂಥ ತೊಂಬತ್ತೆಂಟು ಶನಿವಾರ ಸಿಕ್ಕವು.

ಕಾರಣ ಹುಡುಕಲು ಗಣಿತ ಬೇಕಿರಲಿಲ್ಲ. ಚಳಿಗಾಲದ ಶನಿವಾರ ಹಂದಿ ಕೊಯ್ಯುವ ದಿನ. ಬೆಳಕು ಹರಿಯುವ ಮುಂಚೆಯೇ ನೆರೆಹೊರೆಯವರು ಸೇರಿ, ಪಾಲಿಂಕಾ ಎಂಬ ಹಣ್ಣಿನ ಸಾರಾಯಿ ಗುಟುಕರಿಸಿ ಕೆಲಸಕ್ಕೆ ಇಳಿಯುತ್ತಾರೆ. ಸಾಸೇಜಿಗೆ ಮೆಣಸಿನಪುಡಿ, ಬೆಳ್ಳುಳ್ಳಿ ಹದ ಹಾಕುವುದರಲ್ಲಿ ಅಂಬ್ರುಶ್‌ದು ಎತ್ತಿದ ಕೈ. ಅವರಿಲ್ಲದೆ ಯಾವ ಮನೆಯಲ್ಲೂ ಚಾಕು ಮೇಲೇಳುತ್ತಿರಲಿಲ್ಲ. ಎರಡು ವರ್ಷ, ಮಂಜುಗಡ್ಡೆ ಒಡೆದು ಬಂದ ನೆರೆ ಅಂಥ ಶನಿವಾರದಂದೇ ತುದಿ ಮುಟ್ಟಿ ಭಾನುವಾರದೊಳಗೆ ಇಳಿದುಹೋಗಿತ್ತು. ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಒಡ್ಡು ಐವತ್ತೆರಡು ಸೆಂಟಿಮೀಟರು ಹೆಚ್ಚು ಎತ್ತರ ಇರಬೇಕು. ಹಾಗೆ ಹೇಳಬೇಕಾದರೆ ಅಪ್ಪನ ಪುಸ್ತಕ ಸುಳ್ಳು ಎಂದೂ ಹೇಳಬೇಕು.

ಮೂರು ದಿನ ವಿಲ್ಮಾಗೆ ಅನ್ನನೀರು ಸೇರಲಿಲ್ಲ. ಭಾನುವಾರ ಊಟದ ಮೇಜಿನಲ್ಲಿ ಕೇಳಿಯೇಬಿಟ್ಟರು.

"ಅಪ್ಪಾ, ಚಳಿಗಾಲದ ಶನಿವಾರ ನೀವು ನದಿಗೆ ಹೋಗ್ತಿದ್ರಾ?"

ಅಂಬ್ರುಶ್ ಸೂಪಿನ ಚಮಚ ಕೆಳಗಿಟ್ಟರು. "ಒಂದಿನಕ್ಕೆ ನದಿ ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ ಮಗಳೇ."

"ನಾನಿದನ್ನ ಆಫೀಸಲ್ಲಿ ಹೇಳ್ಬೇಕು."

"ಹೇಳ್ದೆ ಇದ್ರೆ?"

"ಒಡ್ಡು ಗಿಡ್ಡ ಆಗುತ್ತೆ. ಮೊದಲು ಮುಳುಗೋದು ನಮ್ಮ ಬೀದಿ."

ಅಪ್ಪ ಎದ್ದು ಕೋಳಿಗೂಡಿನ ಕಡೆ ಹೋದರು.

ಮರುದಿನ ಸಭೆಯಲ್ಲಿ ವಿಲ್ಮಾ ಹಂದಿ ಕೊಯ್ಯುವ ಶನಿವಾರಗಳ ವಿಷಯ ಹೇಳಿದಾಗ ಎಂಜಿನಿಯರುಗಳು ನಕ್ಕರು. "ಅಂಕಿಯಲ್ಲಿ ಹಂದಿ ವಾಸನೆ ಹೊಡೀತಾ ಡಾಕ್ಟರಮ್ಮ? ಅಳೆದವರ ಹೆಸರು ಹೇಳಿ, ಕರೆಸೋಣ." ಅಷ್ಟರಲ್ಲಿ ಬಾಗಿಲು ತೆರೆಯಿತು. ಮದುವೆಗೂ ಮಣ್ಣಿಗೂ ಹಾಕುವ ಕಪ್ಪು ಟೋಪಿ ಹಾಕಿಕೊಂಡು ಅಂಬ್ರುಶ್ ನಿಂತಿದ್ದರು. ಬಸ್ಸು ಹಿಡಿದು ಬಂದಿದ್ದರು.

"ಅಳೆದೋನು ನಾನೇ. ನನ್ನ ಪುಸ್ತಕ ಕೊಡಿ, ಒಂದು ಪೆನ್ನು ಕೊಡಿ," ಎಂದರು. ಸಂಜೆವರೆಗೂ ತಲೆ ಎತ್ತದೆ ಪುಟ ತಿರುವಿ ಬರೆದರು. ಯಾರೂ ಮತ್ತೆ ನಗಲಿಲ್ಲ.

ಒಡ್ಡು ವಿಲ್ಮಾ ಹೇಳಿದಷ್ಟೇ ಎತ್ತರಕ್ಕೆ ಎದ್ದಿತು. ಹದಿನಾರು ವರ್ಷದ ನಂತರ, ಅಂಬ್ರುಶ್ ತೀರಿಕೊಂಡ ಎರಡನೇ ವಸಂತದಲ್ಲಿ, ತೀಸಾ ಹಿಂದೆಂದೂ ಬಾರದಷ್ಟು ಮೇಲೆ ಬಂತು. ಒಡ್ಡಿನ ನೆತ್ತಿಗೆ ಹತ್ತೊಂಬತ್ತು ಸೆಂಟಿಮೀಟರು ಇರುವಾಗ ನಿಂತಿತು. ಊರಿನ ಒಂದು ಕೋಳಿಮರಿಯೂ ನೆನೆಯಲಿಲ್ಲ. ಈಗ ಒಡ್ಡಿನ ಮೇಲಿನ ಕಲ್ಲಿನಲ್ಲಿ ಎಂಜಿನಿಯರುಗಳ ಹೆಸರಿದೆ, ಮಂತ್ರಿಯ ಹೆಸರಿದೆ.

ನಿಮ್ಮ ಹೆಸರಿಲ್ಲವಲ್ಲ ಎಂದರೆ ವಿಲ್ಮಾ ಕಪಾಟಿನಿಂದ ಹಳೇ ಪುಸ್ತಕವೊಂದನ್ನು ಇಳಿಸುತ್ತಾರೆ. ಶನಿವಾರವೊಂದರ ಅಂಕಿಗೆ ಗೀಟು ಎಳೆದು, ಪಕ್ಕದಲ್ಲಿ ಗುಂಡಗೆ ಬರೆದಿದೆ: "ನೋಡಿಲ್ಲ. ಬಕೋಶ್ ಅಂಬ್ರುಶ್."

"ಹೀಗೆ ನೂರಾ ಹದಿನಾಲ್ಕು ಕಡೆ ಬರೆದಿದಾರೆ," ಎನ್ನುತ್ತಾರೆ ವಿಲ್ಮಾ, ಪುಟ ಸವರುತ್ತಾ. "ನನ್ನ ಲೆಕ್ಕಕ್ಕೆ ಸಿಕ್ಕಿದ್ದು ತೊಂಬತ್ತೆಂಟು. ಉಳಿದ ಹದಿನಾರನ್ನ ಯಾವ ಗಣಿತಾನೂ ಹಿಡೀತಿರ್ಲಿಲ್ಲ. ಅವನ್ನ ನಮ್ಮಪ್ಪ ತಾವಾಗೇ ಕೊಟ್ರು."