ಗ್ರೈಂಡರ್ ಜಗನ್ನಾಥ ಮತ್ತು ಕಾದ ಎಂಜಿನ್

ಸರೋಜಿನಿ ನಗರದಿಂದ ದ್ವಾರಕಾದವರೆಗೆ ಹರಡಿಕೊಂಡಿದ್ದ ಕನ್ನಡದ ಹೆಂಗಸರಿಗೆ ಬರೀ ಜಗನ್ನಾಥ ಎಂದರೆ ಗುರುತು ಹತ್ತುತ್ತಿರಲಿಲ್ಲ. ಗ್ರೈಂಡರ್ ಜಗನ್ನಾಥ ಎಂದರೆ, ಓ ಅವರಾ, ಎನ್ನುತ್ತಿದ್ದರು. ಊರಿನಿಂದ ರೈಲಿನಲ್ಲಿ ಹೊತ್ತು ತಂದ ದೋಸೆಹಿಟ್ಟಿನ ಗ್ರೈಂಡರ್ ಕೆಟ್ಟು ಕೂತರೆ ದಿಲ್ಲಿಯ ಮಿಸ್ತ್ರಿಗಳು ಅದರೊಳಗಿನ ಕಲ್ಲು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ಆಗ ನೆನಪಾಗುತ್ತಿದ್ದವರು ಇವರು. ದಿಲ್ಲಿಯ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮೈಕು ಕಿರುಚಿದರೂ ಇವರೇ, ಕುರ್ಚಿ ಎತ್ತಿಡಲೂ ಇವರೇ. ಗಂಗೊಳ್ಳಿಯವರು, ಸರ್ಕಾರದ ಯಾವುದೋ ವರ್ಕ್‌ಶಾಪಿನಲ್ಲಿ ಕೆಲಸ, ಎರಡು ಕೋಣೆಯ ಕ್ವಾರ್ಟರ್ಸು. ಅಲ್ಲಿ ಏನು ಮಾಡುತ್ತಾರೆ ಎಂದು ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ದ್ವಾರಕಾದ ಮಯೂರಿಗೂ ಅವರು ಅಷ್ಟೇ ಪರಿಚಯ. ಅವಳ ಗ್ರೈಂಡರನ್ನು ಮೂರು ವಾರ ಇಟ್ಟುಕೊಂಡಿದ್ದರು. ಅವಳು ಫೋನಿನಲ್ಲಿ ರೇಗಿಯೂ ಇದ್ದಳು. ವಾಪಸು ತಂದುಕೊಟ್ಟ ದಿನ ಅವರು ಹೇಳಿದ್ದು ಒಂದೇ ಮಾತು: ‘ಸುಟ್ಟ ವಾಸನೆ ಬಂದ ಮೇಲೂ ಓಡಿಸಿದ್ದೀರಿ ತಂಗೀ. ಅದು ಹೇಳಿತ್ತು, ನೀವು ಕೇಳಲಿಲ್ಲ.’ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಮಯೂರಿಗೆ ಆ ಮಾತು ಬಹಳ ದಿನ ಚುಚ್ಚಿತ್ತು.

ಎರಡು ಸಾವಿರದ ಎಂಟರ ಗಣೇಶನ ಹಬ್ಬ. ಮೂರನೆಯ ದಿನ ಗೌರಿ ಗಣೇಶರನ್ನು ಬಿಡಲು ಸಂಘದವರು ಕಾಳಿಂದಿ ಕುಂಜದ ಹತ್ತಿರ ಒಂದು ಮೋಟಾರು ದೋಣಿ ಗೊತ್ತು ಮಾಡಿದ್ದರು. ದಡದ ಕೆಸರಿನಲ್ಲಿ ಬಿಡುವುದು ಬೇಡ, ನಡುನೀರಿಗೇ ಹೋಗೋಣ ಎಂದವರು ಕಾರ್ಯದರ್ಶಿ ಸೂರ್ಯನಾರಾಯಣ. ಮಂತ್ರಾಲಯವೊಂದರಲ್ಲಿ ಅಂಡರ್ ಸೆಕ್ರೆಟರಿ, ಆಡಿದ ಮಾತು ಆದೇಶವಾಗಿಯೇ ಹೊರಡುವ ಮನುಷ್ಯ. ಮಳೆಗಾಲದ ಯಮುನೆ ತುಂಬಿ ಹರಿಯುತ್ತಿತ್ತು. ಹರಿವಿನ ಕೆಳಗಡೆ ನದಿಗೆ ಅಡ್ಡ ಕಟ್ಟಿದ ಬ್ಯಾರೇಜು, ಅದರ ಗೇಟುಗಳು ತೆರೆದಿದ್ದವು. ಮಯೂರಿಗೆ ಹೋಗುವ ಮನಸ್ಸಿರಲಿಲ್ಲ. ನಾಲ್ಕು ವರ್ಷದ ತನ್ವಿ ಹಟ ಹಿಡಿದಳು, ಗಂಡ ವಿಕ್ರಮ್ ಗುರಗಾಂವದ ಆಫೀಸಿನಲ್ಲಿದ್ದ. ಸರಿ, ಮಗಳ ಸೊಂಟಕ್ಕೆ ಗಾಳಿ ತುಂಬಿದ ಈಜುಟ್ಯೂಬು ಸಿಕ್ಕಿಸಿ, ಅದರ ಪುಟ್ಟ ಪಂಪು, ಸೋಪಿನ ಬಾಟಲಿ, ಕಾಯಿಸಿ ಆರಿಸಿದ ನೀರು, ಜ್ವರದ ಔಷಧ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಹತ್ತಿದಳು. ಈಕೆಯ ಬ್ಯಾಗಿನಲ್ಲಿ ಅರ್ಧ ದ್ವಾರಕಾ ಇದೆ ಎಂದು ಸೂರ್ಯನಾರಾಯಣ ನಗಿಸಿದರು. ಹದಿನಾಲ್ಕು ಜನರ ದೋಣಿ ನಕ್ಕಿತು. ಜಗನ್ನಾಥ ಮಾತ್ರ ದೋಣಿಯ ನಡುವಿನ ಮರದ ಪೆಟ್ಟಿಗೆಯ ಪಕ್ಕ ಕೂತು, ಒಳಗಿನ ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟಿದ್ದರು.

ಗಣೇಶ ಮುಳುಗಿದ, ಗೌರಿ ಮುಳುಗಿದಳು. ಆಮೇಲೆ ಒಬ್ಬೊಬ್ಬರೂ ಮನೆಯಿಂದ ತಂದ ಪೂಜೆಯ ಹೂವನ್ನು ನೀರಿಗೆ ಬಿಟ್ಟರು. ಮಯೂರಿ ಆ ಕಪ್ಪು ನೀರನ್ನು ನೋಡಿದಳು. ಬೆರಳಿಗೆ ತಾಗಿದರೆ ಮಗುವಿಗೆ ಏನು ಅಂಟೀತೋ ಎನ್ನಿಸಿತು. ಹೂವು, ಪತ್ರೆ, ಬಿಚ್ಚಿಟ್ಟ ಹದಿನಾರೆಳೆಯ ಗೌರಿದಾರ ಇದ್ದ ಕೆಂಪು ಗೆರೆಯ ಪ್ಲಾಸ್ಟಿಕ್ ಕವರನ್ನು ಬಿಚ್ಚಲೇ ಇಲ್ಲ. ಗಂಟು ಹಾಕಿದ್ದ ಹಾಗೆಯೇ ಅಂಚಿನಿಂದ ಜಾರಿಸಿ, ಕೈ ಮುಗಿದು, ಅಂಗೈ ಒರೆಸಿಕೊಂಡಳು. ದಿಲ್ಲಿಯಲ್ಲಿ ಸೇತುವೆ ಮೇಲೆ ಕಾರು ನಿಲ್ಲಿಸಿ ಎಲ್ಲರೂ ಹೀಗೇ ಎಸೆಯುವುದನ್ನು ಅವಳು ನೋಡಿದ್ದಳು.

ದೋಣಿ ತಿರುಗಿ ಸ್ವಲ್ಪ ದೂರ ಬಂದಿರಬೇಕು. ಜಗನ್ನಾಥ ಎದ್ದು ಹಿಂಬದಿಗೆ ಹೋಗಿ ಬಗ್ಗಿ ನೋಡಿದರು. ಹೊಗೆಯ ಕೊಳವೆ ನೀರು ಉಗುಳುತ್ತಿರಲಿಲ್ಲ, ಬಿಳಿಯ ಹಬೆ ಮಾತ್ರ ಬಿಡುತ್ತಿತ್ತು. ಎಂಜಿನ್ ನಿಲ್ಲಿಸಿ ಲಂಗರು ಇಳಿಸು ಎಂದು ದೋಣಿಯವನಿಗೆ ಹಿಂದಿಯಲ್ಲಿ ಹೇಳಿದರು. ದಡ ಇಲ್ಲೇ ಇದೆ, ಹೋಗಿಬಿಡೋಣ ಎಂದ ಅವನು. ಜಗನ್ನಾಥ ವಾದಿಸಲಿಲ್ಲ, ಕೈ ಚಾಚಿ ತಾವೇ ನಿಲ್ಲಿಸಿದರು. ಸದ್ದು ಸತ್ತಾಗ ನದಿಯ ಸದ್ದು ಕೇಳಿತು. ಅದರ ಹಿಂದೆ, ಕೆಳಗಡೆಯಿಂದ, ಗೇಟುಗಳಲ್ಲಿ ಬೀಳುವ ನೀರಿನ ಮೊರೆತ.

ಲಂಗರು ಬಿತ್ತು, ಆದರೆ ಹಿಡಿಯಲಿಲ್ಲ. ಕೆಸರನ್ನು ಕೆರೆಯುತ್ತ ದೋಣಿ ಅಂಗುಲ ಅಂಗುಲವಾಗಿ ಜಾರುತ್ತಿತ್ತು. ದಡದ ಒಂದು ವಿದ್ಯುತ್ ಕಂಬದ ಮೇಲೆ ಕಣ್ಣಿಟ್ಟ ಮಯೂರಿಗೆ ಅದು ಮೆಲ್ಲಗೆ ಹಿಂದೆ ಸರಿಯುವುದು ಕಾಣುತ್ತಿತ್ತು.

‘ಅಮ್ಮಾ, ಹಮ್ ರುಕ್ ಗಯೇ?’ ನಿಂತುಬಿಟ್ಟೆವಾ ಎಂದು ತನ್ವಿ ಹಿಂದಿಯಲ್ಲಿ ಕೇಳಿದಳು.

‘ಹೂಂ, ರುಕ್ ಗಯೇ’ ಎಂದಳು. ಗೊತ್ತಿದ್ದೂ ಮಗಳಿಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಜಗನ್ನಾಥ ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಬಿಸಿ ಮುಖಕ್ಕೆ ಹೊಡೆಯಿತು. ಸೂರ್ಯನಾರಾಯಣ ಬಕೆಟ್ಟಿನಲ್ಲಿ ಯಮುನೆಯ ನೀರು ಮೊಗೆದು ನಿಂತಿದ್ದರು.

‘ಪಕ್ಕಕ್ಕೆ ಸರೀರೀ ಜಗನ್ನಾಥ್, ನೀರು ಹಾಕ್ತೀನಿ.’

‘ಬೇಡ ಸಾರ್.’

‘ಕಾದಿದೆ ಕಣ್ರೀ, ಕಾಣಲ್ವಾ? ಎರಡು ಬಕೆಟ್ ಸುರಿದ್ರೆ ತಣ್ಣಗಾಗತ್ತೆ.’

‘ಕಾದ ಕಾವಲಿ ಮೇಲೆ ತಣ್ಣೀರು ಸುರಿದ ಹಾಗೆ ಸಾರ್. ಕಬ್ಬಿಣ ಸೀಳಿದ್ರೆ ಇವತ್ತಲ್ಲ, ಯಾವತ್ತೂ ಓಡೂದಿಲ್ಲ. ಬಕೆಟ್ ಕೆಳಗಿಡಿ.’

ಕುರ್ಚಿ ಎತ್ತಿಡುವ ಜಗನ್ನಾಥ ಅಂಡರ್ ಸೆಕ್ರೆಟರಿಗೆ ಹೀಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ದನಿ ಏರಿರಲಿಲ್ಲ. ಸೂರ್ಯನಾರಾಯಣ ಬಕೆಟ್ ಕೆಳಗಿಟ್ಟರು.

ಅಲ್ಲಿಂದ ಮುಂದಿನದನ್ನು ಮಯೂರಿ ಉಸಿರು ಹಿಡಿದು ನೋಡಿದಳು. ಅವರು ಅವಸರ ಮಾಡಲಿಲ್ಲ. ಅಂಗೈಯನ್ನು ಕೊಳವೆಗಳ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ ಆಡಿಸಿದರು, ಜ್ವರದ ಮಗುವಿನ ಹಣೆ ನೋಡುವಂತೆ. ನಡುವೆ ದೋಣಿಯವನಿಗೆ ಹೇಳುತ್ತಿದ್ದುದು ಅವಳ ಕಿವಿಗೂ ಬಿತ್ತು. ಈ ಎಂಜಿನ್ನಿಗೆ ನದಿಯೇ ತಂಪು. ತಳದ ತೂತಿನಿಂದ ನೀರು ಒಳಗೆ ಬರಬೇಕು, ಜಾಲರಿಯಲ್ಲಿ ಸೋಸಬೇಕು, ರಬ್ಬರ್ ರೆಕ್ಕೆಯ ಪಂಪು ಅದನ್ನು ಎಂಜಿನ್ ಸುತ್ತ ಓಡಿಸಿ ಹೊಗೆಯ ಜೊತೆ ಹೊರಗೆ ಉಗುಳಬೇಕು. ಉಗುಳುತ್ತಿಲ್ಲ ಎಂದರೆ ದಾರಿಯಲ್ಲಿ ಎಲ್ಲೋ ಕಟ್ಟಿದೆ. ಎಲ್ಲಿ ಎಂದು ಮೊದಲಿನಿಂದ ನಡೆದುಕೊಂಡು ಹೋಗಬೇಕು, ಅಷ್ಟೇ.

ತಳದ ತೂತಿನ ಕವಾಟ ಮುಚ್ಚಿ ಜಾಲರಿ ಬಿಚ್ಚಿದರು. ಕರಿಯ ಕೆಸರು, ಸೇವಂತಿಗೆಯ ಎಸಳು. ಎಸಳುಗಳಿಗೆ ಸುತ್ತಿಕೊಂಡು ಅರಿಸಿನದ ದಾರದ ಒಂದು ತುಂಡು.

ಮಯೂರಿ ಸುತ್ತಲಿದ್ದವರ ಕೈ ನೋಡಿದಳು. ಉಳಿದ ಹೆಂಗಸರ ಗೌರಿದಾರ ಅವರವರ ಕೈಯಲ್ಲೇ ಇದ್ದವು.

ಜಾಲರಿ ತೊಳೆದರು. ಜಾಲರಿಗೆ ಹೋಗುವ ಕೊಳವೆಯನ್ನು ಕಿತ್ತು ಕೆಳಗೆ ಬಗ್ಗಿಸಿ ಹಿಡಿದು ಕವಾಟ ತೆರೆದರು. ಭರ್ರೆಂದು ನುಗ್ಗಬೇಕಿದ್ದ ನೀರು ಮಗು ಉಚ್ಚೆ ಹೊಯ್ದಂತೆ ಬಂತು. ‘ಒಳಗಲ್ಲ. ಹೊರಗೆ, ತೂತಿನ ಬಾಯಿಗೇ ಏನೋ ಕೂತಿದೆ’ ಎಂದರು. ದೋಣಿಯವನು ನೀರಿಗಿಳಿಯಲು ಅಂಗಿ ಬಿಚ್ಚತೊಡಗಿದ. ಈ ಸೆಳೆತದಲ್ಲಿ ಬೇಡ ಎಂದು ತಡೆದು, ಜಗನ್ನಾಥ ಸುತ್ತ ನೋಡಿದರು. ಕಣ್ಣು ತನ್ವಿಯ ಟ್ಯೂಬಿನ ಮೇಲೆ ನಿಂತಿತು.

‘ತಂಗೀ, ಇದಕ್ಕೆ ಗಾಳಿ ಹೊಡಿಯೂ ಪಂಪು ಉಂಟಾ?’

ಅವಳು ಬ್ಯಾಗನ್ನೇ ಬೋರಲು ಸುರಿದಳು. ಅವರು ಪಂಪಿನ ಮೂತಿಗೆ ಬಟ್ಟೆ ಸುತ್ತಿ ಕೊಳವೆಗೆ ತುರುಕಿ ಒತ್ತಿದರು. ಒಮ್ಮೆ, ಹತ್ತು ಸಲ, ಮೂವತ್ತು ಸಲ. ಮೊರೆತ ಹತ್ತಿರವಾಗುತ್ತಿತ್ತು. ಆ ಕಂಬ ಈಗ ಬಹಳ ಹಿಂದಿತ್ತು, ಅವಳು ಬೇರೊಂದನ್ನು ಗುರುತು ಮಾಡಿಕೊಂಡಿದ್ದಳು. ಇದ್ದಕ್ಕಿದ್ದಂತೆ ದೋಣಿಯ ಪಕ್ಕದಲ್ಲಿ ಬುಳಕ್ ಎಂದು ಗುಳ್ಳೆಗಳೆದ್ದವು. ಕೊಳವೆಯಲ್ಲಿ ನೀರು ನುಗ್ಗಿ ಜಗನ್ನಾಥರ ಮುಖ ತೋಯಿಸಿತು. ಕೆಂಪು ಗೆರೆಯ ಕವರೊಂದು, ಬದಿ ಹರಿದು, ಗಂಟು ಮಾತ್ರ ಗಟ್ಟಿಯಾಗಿದ್ದದ್ದು, ಮೇಲೆ ತೇಲಿತು. ದೋಣಿಯವನು ಬಿದಿರ ಗಳುವಿನ ತುದಿಯಲ್ಲಿ ಅದನ್ನು ಎಳೆದುಕೊಂಡ.

ಎಂಜಿನ್ ಹಚ್ಚಿ, ಹಚ್ಚಿ, ಎಂದರು ಎಲ್ಲರೂ. ಜಗನ್ನಾಥ ಕವಾಟ ಮುಚ್ಚಿ ಕೊಳವೆಯನ್ನು ಮತ್ತೆ ಜಾಲರಿಗೆ ಸಿಕ್ಕಿಸಿದರು, ಎಂಜಿನ್ ಹಚ್ಚಲಿಲ್ಲ. ನೀರಿಲ್ಲದೆ ತಿರುಗಿದ ಪಂಪಿನ ರಬ್ಬರ್ ಒಣಗಿರುತ್ತದೆ, ನೋಡದೆ ಓಡಿಸಿದರೆ ಪುಡಿಯಾಗುತ್ತದೆ ಎಂದು ನಾಲ್ಕು ಸ್ಕ್ರೂ ಬಿಚ್ಚಿದರು. ಆರು ರೆಕ್ಕೆಗಳಲ್ಲಿ ಒಂದು ಮುರಿದಿತ್ತು. ಮುರಿದ ಚೂರು ಮುಂದೆ ಹೋಗಿ ಇನ್ನೊಂದು ಕಡೆ ಕಟ್ಟಬಾರದೆಂದು ಬೆರಳು ತೂರಿಸಿ ಹುಡುಕಿ, ಸಿಗುವವರೆಗೆ ಹುಡುಕಿ, ತೆಗೆದರು. ಚೆಲ್ಲಿದ್ದ ಸಾಮಾನಿನಿಂದ ತಾವೇ ಸೋಪಿನ ಬಾಟಲಿ ಎತ್ತಿಕೊಂಡು ಉಳಿದ ಐದು ರೆಕ್ಕೆಗೆ ಸಲೀಸಾಗಿ ಜಾರಲೆಂದು ಸವರಿ ಕೂರಿಸಿ, ಕವಾಟ ತೆರೆದರು. ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಕಾವು ಇಳಿಯುವವರೆಗೆ ಎಣಿಸಿದರು. ಎಷ್ಟು ಎಣಿಸಿದರೋ. ಅಷ್ಟು ಹೊತ್ತೂ ಹದಿಮೂರು ಜನ ಆ ಕೈಯನ್ನೇ ನೋಡುತ್ತಿದ್ದರು. ದೇವರನ್ನು ಬಿಟ್ಟುಬಂದವರಿಗೆ ನೋಡಲು ಬೇರೇನೂ ಉಳಿದಿರಲಿಲ್ಲ. ಹದಿನೈದನೇ ವಯಸ್ಸಿಗೆ ಮೀನಿನ ಬೋಟಿನ ಎಂಜಿನ್ ಕೋಣೆ ಸೇರಿದ್ದ ಆ ಕೈ, ದಿಲ್ಲಿಯಲ್ಲಿ ಇಪ್ಪತ್ತಾರು ವರ್ಷ ಸರ್ಕಾರದ ಪ್ರವಾಹ ಪರಿಹಾರದ ದೋಣಿಗಳನ್ನು ರಿಪೇರಿ ಮಾಡಿದ ಕೈ ಎಂದು ಅವಳಿಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಒಂದೇ: ತನ್ನ ಮಗು ಆ ಅಂಗೈ ಮೇಲಿದೆ.

‘ಈಗ’ ಎಂದರು.

ಎಂಜಿನ್ ಕೆಮ್ಮಿತು, ಹಿಡಿಯಿತು. ಜಗನ್ನಾಥ ಹಿಂಬದಿಗೆ ಹೋಗಿ ಬಗ್ಗಿದರು. ಕೊಳವೆ ಹಬೆ ಬಿಟ್ಟಿತು, ಮತ್ತೆ ಹಬೆ, ಆಮೇಲೆ ಒಂದು ಗುಟುಕು ನೀರು. ಇನ್ನೊಂದು. ನಿಧಾನವಾಗಿಯೇ ಓಡಿಸು ಎಂದರು ದೋಣಿಯವನಿಗೆ. ಮಯೂರಿ ಗುರುತು ಮಾಡಿದ್ದ ಕಂಬ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಹತ್ತಿರ ಬರತೊಡಗಿತು.

ಭಯ ಇಳಿದ ಮೇಲೆ ಬಾಯಿಗಳು ಬಿಚ್ಚಿದವು. ಸೂರ್ಯನಾರಾಯಣ ಕವರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಈ ದಿಲ್ಲಿ ಜನಕ್ಕೆ ನದಿ ಎಂದರೆ ಕಸದ ಬುಟ್ಟಿ, ನಮ್ಮವರಿಗೆ ಹೀಗೆ ಮಾಡಲು ಮನಸ್ಸು ಬರುತ್ತದೆಯೇ ಎಂದರು. ಎಲ್ಲರೂ ತಲೆಯಾಡಿಸಿದರು. ಮಯೂರಿಯ ತಲೆಯೂ ಅರ್ಧ ಆಡಿ ನಿಂತಿತು.

‘ಅದು ನಮ್ಮನೆ ಕವರು’ ಎಂದಳು. ‘ನಾನೇ ಬಿಟ್ಟಿದ್ದು. ಗಂಟು ಬಿಚ್ಚದೆ.’

ಅವಳು ಜಗನ್ನಾಥರತ್ತ ನೋಡಿದಳು. ಅವರು ತಿರುಗಲೂ ಇಲ್ಲ.

‘ದಾರ ಕಂಡಾಗ ನಿಮ್ಮ ಮುಖ ನೋಡಿದ್ದೆ ತಂಗೀ’ ಎಂದರು. ‘ಈಗ ಸುಮ್ಮನಿರಿ. ನೀರು ಸರಿ ಬರ್ತದಾ ಅಂತ ಕೇಳ್ಬೇಕು.’

ಮಯೂರಿ ಸೂರ್ಯನಾರಾಯಣರ ಕೈಯಿಂದ ಆ ಕಪ್ಪು ನೀರು ತೊಟ್ಟಿಕ್ಕುವ ಕವರನ್ನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಕೈ ಒರೆಸಿಕೊಳ್ಳುವುದು ನೆನಪಾಗಲಿಲ್ಲ. ದಡ ಬರುವವರೆಗೆ ಅವಳೂ ಕೇಳುತ್ತ ಕೂತಳು: ಹಿಂದಿನ ಕೊಳವೆ ನದಿಯನ್ನು ಗುಟುಕು ಗುಟುಕಾಗಿ ನದಿಗೆ ಮರಳಿಸುವ ಸದ್ದು.