ಅರೋರಾದಲ್ಲಿ ಉಣ್ಣೆಯ ಮಡಿ

ಅರೋರಾ, ಜನವರಿ. ಹಿತ್ತಲ ಬಾಗಿಲಿನ ಥರ್ಮಾಮೀಟರ್ ಮೈನಸ್ ಇಪ್ಪತ್ತೈದು ತೋರಿಸುತ್ತಿತ್ತು. ನಾನು ಉಳಿದುಕೊಂಡ ಮನೆಯ ಸಿಂಧೂಬಾಯಿ ಧಾರವಾಡದಿಂದ ಈ ಪರದೇಶಕ್ಕೆ ಬಂದು ನೆಲೆಸಿದವರು, ವಯಸ್ಸು ಎಪ್ಪತ್ತು ದಾಟಿದೆ. ಅಂದು ಅವರ ಅತ್ತೆಯ ಶ್ರಾದ್ಧ. ಕಾಗೆಗೆ ಅನ್ನ ಇಡಲು ಅವರು ಹಿಮದ ಹಿತ್ತಲಿಗೆ ಹೊರಟಾಗ ನಾನೂ ಹಿಂದೆ ಹೋದೆ.

ಮಡಿಗೆಂದೇ ಊರಿಂದ ತಂದ ಉಣ್ಣೆಯ ಧಾಬಳಿಯನ್ನು ಸೀರೆಯಂತೆ ಉಟ್ಟಿದ್ದರು. ಸ್ವೆಟರು, ಟೋಪಿ, ಎರಡು ಜೊತೆ ಕಾಲುಚೀಲ ಇಲ್ಲಿನ ಅಂಗಡಿಯವು, ಅವೂ ಉಣ್ಣೆಯವೇ. ಬೂಟು ಹಾಕಿರಲಿಲ್ಲ. ಚಳಿಗೆ ಒಳ್ಳೆಯ ಏರ್ಪಾಡು ಎಂದೆ.

"ಚಳಿಗಲ್ಲರೀ, ಮಡಿಗೆ. ಉಣ್ಣಿಗೆ ಮೈಲಿಗಿ ಇಲ್ಲ. ಲೇಬಲ್ ಓದೇ ತಗೋತೀನಿ, ಹಂಡ್ರೆಡ್ ಪರ್ಸೆಂಟ್ ಇರಬೇಕು. ನಿಮ್ಮ ಜಾಕೆಟ್ಟು ನೈಲಾನು, ಸ್ವಲ್ಪ ದೂರ ನಿಂದರ್ರಿ."

ದೂರ ನಿಂತೆ. ಬೇಲಿಯ ಪಕ್ಕ ಅವರು ಇಟ್ಟ ಅನ್ನದ ಹಬೆ ನೋಡನೋಡುತ್ತಲೇ ನಿಂತುಹೋಯಿತು. ಹಿಂತಿರುಗುವಾಗ ಮೆಟ್ಟಿಲ ಬಳಿಯ ಮಂಜುಗಡ್ಡೆಯ ಮೇಲೆ ಕಾಲು ಜಾರಿ ಕುಳಿತುಬಿಟ್ಟರು. ಪೆಟ್ಟಾಗಿರಲಿಲ್ಲ, ಆದರೆ ಏಳಲು ಆಗುತ್ತಿರಲಿಲ್ಲ. ಓಡಿಹೋಗಿ ಕೈ ನೀಡಿದೆ. ಅವರು ಹಿಡಿಯಲಿಲ್ಲ. ನನ್ನ ಕೈಗವಸನ್ನೇ ನೋಡಿದರು.

"ಇದು ಉಣ್ಣೀದೇನ್ರಿ?"

ವಿಮಾನ ನಿಲ್ದಾಣದಲ್ಲಿ ಅವಸರದಿಂದ ಕೊಂಡದ್ದು. ಲೇಬಲ್ ನೋಡಿರಲಿಲ್ಲ.

"ಹೌದಮ್ಮ, ಹಂಡ್ರೆಡ್ ಪರ್ಸೆಂಟ್" ಎಂದೆ.

ಗಟ್ಟಿಯಾಗಿ ಹಿಡಿದುಕೊಂಡು ಎದ್ದರು. ಕೊನೆಯ ಮೆಟ್ಟಿಲು ಹತ್ತುವವರೆಗೂ ಬಿಡಲಿಲ್ಲ.

ಒಳಗೆ ಬಂದು ಕೈಗವಸು ಬಿಚ್ಚಿಟ್ಟೆ. ಲೇಬಲ್ ಮೇಲೆಯೇ ಕಾಣುತ್ತಿತ್ತು. ಅದನ್ನು ಕೆಳಮುಖ ಮಾಡಿ ಇಟ್ಟೆ.